ಬಣ್ಣ ಹಿಡಿಯುವ ಗೋಡೆ

ನಮ್ಮ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಗುರುತಿಸಲು ರೋಗಿಯ ಕೀವನ್ನೋ ಕಫವನ್ನೋ ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ ನೇರಳೆ ಬಣ್ಣ, ಅಯೋಡಿನ್ ಹಾಕಿ, ಆಲ್ಕೋಹಾಲ್‌ನಲ್ಲಿ ತೊಳೆದು, ಕೊನೆಗೆ ಕೆಂಪು ಬಣ್ಣ ಕೊಡುತ್ತೇವೆ. ಕೆಲವೇ ನಿಮಿಷಗಳ ಕೆಲಸ. ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನ ಇದು. ಕೆಂಪು ಬಣ್ಣ ಸೇರಿಸಿದವರು ಆಮೇಲಿನವರು. ಸೋಂಕಿನ ಚಿಕಿತ್ಸೆಗೆ ದಿಕ್ಕು ತೋರುವ ಮೊದಲ ಸುಳಿವು ಇಂದಿಗೂ ಬಹಳ ಸಲ ಇದರಿಂದಲೇ ಸಿಗುತ್ತದೆ.

ದಪ್ಪ ಗೋಡೆಯ ಬ್ಯಾಕ್ಟೀರಿಯಾ ನೇರಳೆ ಬಣ್ಣವನ್ನು ಬಿಟ್ಟುಕೊಡುವುದಿಲ್ಲ. ತೆಳು ಗೋಡೆಯದು ಅದನ್ನು ಕಳೆದುಕೊಂಡು ಕೆಂಪಾಗುತ್ತದೆ. ಆದರೆ ಆ ತೆಳು ಗೋಡೆಯ ಹೊರಗೆ ಇನ್ನೊಂದು ಪೊರೆ ಇರುತ್ತದೆ, ಎಷ್ಟೋ ಔಷಧಗಳು ಅದನ್ನು ದಾಟಲಾರವು. ಹಾಗಾಗಿ ರಕ್ತದ ಕಲ್ಚರ್‌ನಲ್ಲಿ, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಕಡ್ಡಿಯಾಕಾರದ ಕೆಂಪು ಬ್ಯಾಕ್ಟೀರಿಯಾ ಕಂಡರೆ ಅಂತಿಮ ವರದಿಗೆ ಕಾಯದೆ ವೈದ್ಯರಿಗೆ ಫೋನ್ ಮಾಡುತ್ತೇವೆ.

ನಮ್ಮ ಜೀವಕೋಶಗಳಿಗೆ ಈ ಗೋಡೆಯೇ ಇಲ್ಲ. ಪೆನಿಸಿಲಿನ್ ಗೋಡೆ ಕಟ್ಟುವ ಕೆಲಸಕ್ಕೆ ಅಡ್ಡಬರುತ್ತದೆ, ಒಳಗಿನ ಒತ್ತಡ ತಾಳಲಾರದೆ ಬ್ಯಾಕ್ಟೀರಿಯಾ ಒಡೆಯುತ್ತದೆ, ನಮ್ಮ ಕೋಶಗಳು ಉಳಿಯುತ್ತವೆ. ನೆಗಡಿ ತರುವ ವೈರಸ್‌ಗೂ ಗೋಡೆ ಇಲ್ಲ. ನೆಗಡಿಗೆ ಆ್ಯಂಟಿಬಯಾಟಿಕ್ ಕೇಳಬೇಡಿ ಎಂದು ನಾವು ಮತ್ತೆ ಮತ್ತೆ ಬೇಡಿಕೊಳ್ಳುವುದು ಇದಕ್ಕೇ.

ಗಂಟಲಿಗೆಂದು ನುಂಗಿದ ಮಾತ್ರೆ ಗಂಟಲಲ್ಲೇ ನಿಲ್ಲುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳನ್ನೂ ತಟ್ಟುತ್ತದೆ. ಅನುಕೂಲ ಪರಿಸ್ಥಿತಿಯಲ್ಲಿ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಅದೇ ವೇಗದಲ್ಲಿ ಹೋದರೆ 10 ಗಂಟೆಗಳಲ್ಲಿ ಒಂದರಿಂದ 100 ಕೋಟಿಗೂ ಹೆಚ್ಚು! ಅಷ್ಟು ಪ್ರತಿಗಳ ನಡುವೆ ಔಷಧಕ್ಕೆ ಬಗ್ಗದ ಒಂದು ಹುಟ್ಟಿದರೆ, ಉಳಿದವು ಸತ್ತು ತೆರವಾದ ಜಾಗವೆಲ್ಲ ಅದರದೇ. ಇದಕ್ಕಿಂತಲೂ ನನ್ನನ್ನು ಕಾಡುವುದು ಪ್ಲಾಸ್ಮಿಡ್. ಪ್ರತಿರೋಧದ ಜೀನ್ ಹೊತ್ತ ಈ ಚಿಕ್ಕ ಡಿಎನ್‌ಎ ಉಂಗುರವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ ದಾಟಿಸಬಲ್ಲದು.

ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ನಮ್ಮ ಕೊನೆಯ ಅಸ್ತ್ರಗಳಲ್ಲೊಂದು. ಅದನ್ನು ಸೋಲಿಸುವ ಎಂಸಿಆರ್-1 ಜೀನ್ ಪ್ಲಾಸ್ಮಿಡ್ ಮೇಲೆ ಕೂತಿರುವುದನ್ನು 2015ರಲ್ಲಿ ಚೀನಾದ ಸಂಶೋಧಕರು ವರದಿ ಮಾಡಿದರು. ಹಂದಿಗಳಲ್ಲೂ ಮಾಂಸದಲ್ಲೂ ರೋಗಿಗಳಲ್ಲೂ ಅದು ಸಿಕ್ಕಿತ್ತು. ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಬೇರೆ ಖಂಡಗಳಲ್ಲೂ ಕಂಡಿತು. ಪ್ರಾಣಿಗಳು ಬೇಗ ಕೊಬ್ಬಲೆಂದು ಮೇವಿಗೆ ಕೊಲಿಸ್ಟಿನ್ ಬೆರೆಸುವುದನ್ನು ಚೀನಾ 2017ರಲ್ಲಿ ನಿಲ್ಲಿಸಿತು. ಆಮೇಲೆ ಹಂದಿಗಳಲ್ಲೂ ಮನುಷ್ಯರಲ್ಲೂ ಕೊಲಿಸ್ಟಿನ್‌ಗೆ ಬಗ್ಗದ ಇ. ಕೋಲಿಯ ಪ್ರಮಾಣ ಇಳಿಯಿತು. ಈ ಇಳಿಕೆ ನನಗೆ ತುಂಬ ಮುಖ್ಯ: ಔಷಧದ ಒತ್ತಡ ತೆಗೆದರೆ ಪ್ರತಿರೋಧ ಹಿಂದೆ ಸರಿಯಬಲ್ಲದು.

ವೈದ್ಯರು ರಕ್ತದ ಕಲ್ಚರ್ ಬರೆದುಕೊಟ್ಟಾಗ, ಚಿಕಿತ್ಸೆ ತಡವಾಗದಂತೆ ನೋಡಿಕೊಂಡು, ಸಾಧ್ಯವಾದಷ್ಟು ಮೊದಲ ಡೋಸ್‌ಗಿಂತ ಮುಂಚೆಯೇ ಮಾದರಿ ಕೊಡಿ. ಔಷಧ ಒಳಗೆ ಹೋದ ಮೇಲೆ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು, ಆಗ ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂದು ಹೇಳಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.