ಪದ ಪರಿಚಯ: ಗೋರ್

"ಫಸ್ಟ್ ಪಾರ್ಟ್‌ಗಿಂತ ಇದರಲ್ಲಿ ಗೋರ್ ಜಾಸ್ತಿ." ಹಾರರ್ ಸೀಕ್ವೆಲ್ ನೋಡಿ ಹೊರಬಂದ ಅಭಿಮಾನಿಗಳ ಬಾಯಲ್ಲಿ ಮೊದಲು ಬರುವ ಮಾತು ಇದು. ಕೇಳಿದವರು ರಕ್ತ ಹೆಚ್ಚು ಹರಿದಿದೆ ಅಂದುಕೊಳ್ಳುತ್ತಾರೆ. ಆದರೆ ಬಕೆಟ್‌ಗಟ್ಟಲೆ ರಕ್ತ ಸುರಿದರೂ ಗೋರ್ ಇಲ್ಲದಿರಬಹುದು, ಒಂದೇ ಒಂದು ಉಗುರು ಕಿತ್ತರೂ ಗೋರ್ ಆಗಬಹುದು. ಕತ್ತಿ ಎತ್ತಿದವನ ನೆರಳು ಗೋಡೆ ಮೇಲೆ ಬಿದ್ದು, ಕಿರುಚಾಟ ಕೇಳಿ, ಶಾಟ್ ಬದಲಾದರೆ ಅಲ್ಲಿ ಕೊಲೆಯಿದೆ, ಭಯವಿದೆ, ಗೋರ್ ಇಲ್ಲ. ಅದೇ ಕತ್ತಿ ಇಳಿದು, ಚರ್ಮ ಬಿರಿದು, ಒಳಗಿನ ಮಾಂಸ ಕಂಡು, ರಕ್ತ ಒಸರುವವರೆಗೂ ಕ್ಯಾಮೆರಾ ಕದಲದೆ ನಿಂತರೆ ಅದು ಗೋರ್.

ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಸಗಣಿ, ಹೊಲಸು ಎಂಬ ಅರ್ಥವಿತ್ತು. ಹೆಪ್ಪುಗಟ್ಟಿದ ನೆತ್ತರು ಎಂಬ ಅರ್ಥ ಆಮೇಲೆ ಬಂತು. ನಮ್ಮಲ್ಲಿ ಇದಕ್ಕೆ ಹತ್ತಿರದ ಪದ ಬೀಭತ್ಸ. ಭಯಾನಕ ರಸದ ಸ್ಥಾಯಿ, ಅಂದರೆ ಮೂಲಭಾವ, ಭಯ; ಬೀಭತ್ಸದ ಸ್ಥಾಯಿ ಜುಗುಪ್ಸೆ. ಹಾರರ್‌ಗೂ ಗೋರ್‌ಗೂ ಇರುವ ವ್ಯತ್ಯಾಸ ಇಷ್ಟೇ. ನಾಟ್ಯಶಾಸ್ತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಷ್ಠೆ ಮತ್ತು ಹುಳುಗಳಿಂದ ಹುಟ್ಟುವ ಬೀಭತ್ಸವನ್ನು ಉದ್ವೇಗಿ ಎಂದೂ ರಕ್ತ ಮೊದಲಾದವುಗಳಿಂದ ಹುಟ್ಟುವುದನ್ನು ಕ್ಷೋಭಜ ಎಂದೂ ಬೇರ್ಪಡಿಸುತ್ತದೆ. ಇಂಗ್ಲಿಷ್ ಪದ ಉದ್ವೇಗಿಯಿಂದ ಹೊರಟು ಕ್ಷೋಭಜಕ್ಕೆ ಬಂದು ನಿಂತಿದೆ ನೋಡಿ! ರನ್ನನ ದುರ್ಯೋಧನ ಸಂಜಯನೊಂದಿಗೆ ಹೆಣಗಳ ನಡುವೆ ರಣರಂಗ ದಾಟುವ ಭಾಗವನ್ನು ಓದಿದವರಿಗೆ ಈ ರಸದ ಬಲವನ್ನು ಬೇರೆ ಹೇಳಬೇಕಿಲ್ಲ.

ಸ್ಲ್ಯಾಶರ್ ಮತ್ತು ಸ್ಪ್ಲ್ಯಾಟರ್ ಎಂಬ ಪದಗಳನ್ನೂ ಗೋರ್ ಜೊತೆ ಕಲಸಿಬಿಡುತ್ತಾರೆ. ಸ್ಲ್ಯಾಶರ್ ಒಂದು ಕಥಾಮಾದರಿ: ಒಬ್ಬ ಕೊಲೆಗಾರ, ಒಬ್ಬೊಬ್ಬರಾಗಿ ಸಾಯುವ ಮಂದಿ. 1978ರ 'ಹ್ಯಾಲೋವೀನ್' ಹೆಸರಾಂತ ಸ್ಲ್ಯಾಶರ್, ಆದರೂ ಅದರಲ್ಲಿ ರಕ್ತ ಕಾಣುವುದೇ ಅಪರೂಪ. ಗೋರ್ ಅನ್ನೇ ಮುಖ್ಯ ಆಕರ್ಷಣೆಯಾಗಿ ಇಟ್ಟುಕೊಂಡ ಸಿನಿಮಾ ಸ್ಪ್ಲ್ಯಾಟರ್. 1963ರಲ್ಲಿ ಹರ್ಷೆಲ್ ಗೋರ್ಡನ್ ಲೂಯಿಸ್ ಮಾಡಿದ 'ಬ್ಲಡ್ ಫೀಸ್ಟ್' ಈ ಬಗೆಯ ಮೊದಲ ಚಿತ್ರವೆಂದು ಸಾಮಾನ್ಯವಾಗಿ ಒಪ್ಪಿದ್ದಾರೆ.

ಸೀಕ್ವೆಲ್‌ಗಳಲ್ಲಿ ಗೋರ್ ಏರುವುದಕ್ಕೆ ಕಾರಣ ಸರಳ. ಮೊದಲ ಭಾಗದಲ್ಲಿ ಕೊಲೆಗಾರ ಯಾರು, ಭೂತ ಎಂಥದು ಎಂಬ ಗುಟ್ಟೇ ಭಯ ಹುಟ್ಟಿಸುತ್ತದೆ. ಎರಡನೆಯದಕ್ಕೆ ಬರುವ ಹೊತ್ತಿಗೆ ಗುಟ್ಟು ಮುಗಿದಿರುತ್ತದೆ, ಉಳಿಯುವುದು ಸಾವು ಹೇಗೆ ಎಂಬ ಕುತೂಹಲ. ಜಾರ್ಜ್ ರೊಮೆರೊ 1968ರಲ್ಲಿ ಕಪ್ಪು-ಬಿಳುಪಿನಲ್ಲಿ ಮಾಡಿದ ಜೋಂಬಿ ಚಿತ್ರಕ್ಕೆ 1978ರಲ್ಲಿ ಬಣ್ಣದ ಮುಂದುವರಿಕೆ ತಂದರು, 'ಡಾನ್ ಆಫ್ ದಿ ಡೆಡ್'. ಮೇಕಪ್ ಟಾಮ್ ಸವೀನಿ ಅವರದು. ವಿಯೆಟ್ನಾಂ ಯುದ್ಧದಲ್ಲಿ ಸೈನ್ಯದ ಫೋಟೋಗ್ರಾಫರ್ ಆಗಿ ನಿಜವಾದ ಗಾಯಗಳನ್ನು ಹತ್ತಿರದಿಂದ ಕಂಡವರು ಅವರು. ಮಚ್ಚು ತಲೆಗೆ ಇಳಿಯುವ ಶಾಟ್‌ಗೆ ಅಲಗಿನಲ್ಲಿ ತಲೆಯ ಆಕಾರದ ತುಣುಕು ಕತ್ತರಿಸಿ ತೆಗೆದು, ಅಲಗನ್ನು ನಟನ ತಲೆಗೆ ಕೂರಿಸಿದರು. ಇದೇ ವಿದ್ಯೆಯನ್ನು ಇವತ್ತಿಗೂ ಬಳಸುತ್ತಾರೆ: ಅಲಗಿನ ಹಿಂಬದಿಗೆ, ಕ್ಯಾಮೆರಾಕ್ಕೆ ಕಾಣದ ಹಾಗೆ, ಸಣ್ಣ ಕೊಳವೆ ಅಂಟಿಸಿ ಫ್ರೇಮಿನಾಚೆಯಿಂದ ಸಿರಿಂಜಿನಲ್ಲಿ ರಕ್ತ ಒತ್ತುತ್ತಾರೆ. ಒತ್ತುವುದು ಅರೆಕ್ಷಣ ಮೊದಲಾದರೂ ಮೋಸ ಬಯಲು.

ಅತಿಗೆ ಹೋದ ಗೋರ್ ನಗೆಯಾಗಿ ತಿರುಗುವುದೂ ಉಂಟು. 1987ರ 'ಈವಿಲ್ ಡೆಡ್ 2' ಇದಕ್ಕೆ ಒಳ್ಳೆಯ ಉದಾಹರಣೆ. ಕೆಂಪಿನ ಜೊತೆಗೆ ಕಪ್ಪು, ಹಸಿರು ದ್ರವಗಳೂ ಚಿಮ್ಮುತ್ತವೆ, ನಾಯಕ ತನ್ನ ಕೈ ಜೊತೆಗೇ ಹೊಡೆದಾಡುತ್ತಾನೆ. 'ಸ್ಪ್ಲ್ಯಾಟ್‌ಸ್ಟಿಕ್' ಎನ್ನುವುದು ಇಂಥದ್ದಕ್ಕೇ. 2022ರ 'ಟೆರಿಫೈಯರ್ 2' ಇನ್ನೊಂದು ದಾರಿ ಹಿಡಿಯಿತು: 138 ನಿಮಿಷ, ಒಂದೊಂದು ಕೊಲೆಯೂ ಸಾಕು ಸಾಕೆನ್ನುವಷ್ಟು ಉದ್ದ. ನಿರ್ದೇಶಕ ಡೇಮಿಯನ್ ಲಿಯೋನ್ ಮೂಲತಃ ಮೇಕಪ್ ಎಫೆಕ್ಟ್ಸ್ ಕಲಾವಿದರಾದ್ದರಿಂದ ಗಾಯವೇ ಅಲ್ಲಿ ದೃಶ್ಯದ ನಾಯಕ.

ಸಿನಿಮಾ ರಕ್ತದ ಮೂಲ ಸಾಮಗ್ರಿ ಹೆಚ್ಚಾಗಿ ಕಾರ್ನ್ ಸಿರಪ್. ಕಿರುಚಿತ್ರ ಮಾಡುವವರು ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ ಬಳಸಬಹುದು. ಅರ್ಧ ಕಪ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಕೋಕೋ ಪುಡಿಯನ್ನು ಗಂಟಿಲ್ಲದಂತೆ ಕಲಸಿ, ನಾಲ್ಕು ದೊಡ್ಡ ಚಮಚ ಸಿರಪ್, ಒಂದು ಸಣ್ಣ ಚಮಚ ಕೆಂಪು ಫುಡ್ ಕಲರ್, ಎರಡು ಹನಿ ಹಸಿರು ಸೇರಿಸಿ. ಕೋಕೋ ಇಲ್ಲದಿದ್ದರೆ ದ್ರವ ಶರಬತ್ತಿನಂತೆ ಪಾರದರ್ಶಕವಾಗಿ ಕಾಣುತ್ತದೆ. ಹಸಿರು ಹಾಕದಿದ್ದರೆ ಬಿಳಿ ಬಟ್ಟೆ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗಬಹುದು. ಗಂಟು ಉಳಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಸಕ್ಕರೆಯ ಅಂಟಿಗೆ ಇರುವೆ ಬರುತ್ತದೆ, ಕಲೆ ಹೋಗುವುದಿಲ್ಲ. ಹಾಗಾಗಿ ಎಷ್ಟು ಟೇಕ್ ಬೇಕೋ ಅಷ್ಟು ಜೊತೆ ಒಂದೇ ಥರದ ಬಟ್ಟೆ ಇಟ್ಟುಕೊಂಡೇ ಶೂಟಿಂಗ್ ಶುರುಮಾಡಬೇಕು.

ಕಂಪ್ಯೂಟರ್ ರಕ್ತವನ್ನು ಗುರುತಿಸಬೇಕೆಂದರೆ ಚಿಮ್ಮುವುದನ್ನಲ್ಲ, ಬೀಳುವುದನ್ನು ನೋಡಿ. ಅಗ್ಗದ ಕೆಲಸದಲ್ಲಿ ಹನಿ ಗಾಳಿಯಲ್ಲೇ ಮಾಯವಾಗುತ್ತದೆ, ಅಂಗಿ ಒದ್ದೆಯಾಗುವುದಿಲ್ಲ.

ಇನ್ನು ಕತ್ತರಿ. ಭಾರತದಲ್ಲಿ ತೀವ್ರ ಗೋರ್ ಇರುವ ಚಿತ್ರಕ್ಕೆ ಸಾಮಾನ್ಯವಾಗಿ 'ಎ' ಪ್ರಮಾಣಪತ್ರ, ಅಂದರೆ 18 ತುಂಬಿದವರಿಗೆ ಮಾತ್ರ. ಅಷ್ಟಾದರೂ ಕೆಲವು ಶಾಟ್ ಹೋಗಿರಬಹುದು. ಚಿತ್ರ ಶುರುವಾಗುವ ಮುನ್ನ ತೆರೆಯ ಮೇಲೆ ಬರುವ ಪ್ರಮಾಣಪತ್ರದಲ್ಲಿನ ಅವಧಿಯನ್ನು ಮೂಲ ಆವೃತ್ತಿಯ ಅವಧಿಯೊಂದಿಗೆ ಹೋಲಿಸಿ. ಹಿನ್ನೆಲೆ ಸಂಗೀತ ಥಟ್ಟನೆ ಹಾರಿದರೂ ಅಲ್ಲಿ ಕತ್ತರಿ ಬಿದ್ದಿರುವ ಸಂಭವ ಹೆಚ್ಚು. ಹಳೆಯ ಡಿವಿಡಿ ನೋಡುವವರು ಮಾತ್ರ ಅವಸರದ ತೀರ್ಮಾನಕ್ಕೆ ಬರಬೇಡಿ: ಪಾಲ್ ಎಂಬ ಹಳೆಯ ಟಿವಿ ಪದ್ಧತಿಯ ಡಿಸ್ಕ್‌ಗಳಲ್ಲಿ ಸೆಕೆಂಡಿಗೆ 24 ಫ್ರೇಮಿನ ಸಿನಿಮಾ 25ರ ವೇಗದಲ್ಲಿ ಓಡುವುದರಿಂದ, ಒಂದು ಫ್ರೇಮೂ ಕತ್ತರಿಸದೆ 100 ನಿಮಿಷ 96 ಆಗುತ್ತದೆ.

ರಕ್ತ ಕಂಡರೆ ತಲೆ ಸುತ್ತುವ ಗೆಳೆಯರನ್ನು ಕರೆದುಕೊಂಡು ಹೋಗುವುದಾದರೆ ಮೊದಲೇ ತಿಳಿಸಿ, ದಾರಿ ಪಕ್ಕದ ಸೀಟು ಕೊಡಿ. ಅದು ಪುಕ್ಕಲುತನವಲ್ಲ. ಕೆಲವರಿಗೆ ರಕ್ತ ಕಂಡೊಡನೆ ರಕ್ತದೊತ್ತಡ ಇಳಿಯುತ್ತದೆ. ಕಾಲು, ಹೊಟ್ಟೆ, ತೋಳಿನ ಸ್ನಾಯುಗಳನ್ನು 10-15 ಸೆಕೆಂಡ್ ಬಿಗಿಹಿಡಿದು, 20-30 ಸೆಕೆಂಡ್ ಸಡಿಲಬಿಟ್ಟು, ಐದು ಸಲ ಮಾಡಿದರೆ ಒತ್ತಡ ಮತ್ತೆ ಏರುತ್ತದೆ. ಅಷ್ಟಕ್ಕೂ ಕಣ್ಣು ಮಂಜಾದರೆ, ಎದ್ದು ಹೊರಗೆ ಓಡಲು ಬಿಡದೆ, ಕೂತಲ್ಲೇ ತಲೆಯನ್ನು ಮಂಡಿಗಳ ನಡುವೆ ಬಗ್ಗಿಸಿ ಕೂರಿಸಿ.