ಕೂತು ಉಣ್ಣುವ ಹಾಗೆ ಬಡಿಸಿ

‘ಶನಿವಾರ ಸಿನಗಾಗ್‌ಗೆ ಜನ ಕಮ್ಮಿಯಾಗಿದ್ದಾರೆ. ಊಟ ಸ್ವಲ್ಪ ಜೋರಾಗಿ ಇಟ್ಟರೆ ಬರ್ತಾರಾ?’ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೋಷರ್, ಅಂದರೆ ಯಹೂದಿಗಳ ಆಹಾರ ನಿಯಮದಂತೆ ನಡೆಯುವ ಅಡುಗೆಮನೆಯಲ್ಲಿ ದುಡಿಯುವ ನನಗೆ, ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್ ಸಮಿತಿಯವರು ಆಗಾಗ ಕೇಳುವ ಪ್ರಶ್ನೆ ಇದು. ಕುಂದಾಪುರದ ಕಡೆ ಮದುವೆ ಅಡುಗೆ ಮಾಡಿ ಬಂದವನು ನಾನು. ಮಂಗಳಾರತಿ ಹೊತ್ತಿಗೆ ಸರಿಯಾಗಿ ಬಂದು ಪಂಕ್ತಿ ಹಿಡಿಯುವವರನ್ನು ಕಂಡು ಗೊತ್ತು.

ಬರ್ತಾರೆ. ಉಳೀತಾರಾ ಅನ್ನೋದು ಬೇರೆ ಲೆಕ್ಕ.

ಶನಿವಾರ ಯಹೂದಿಗಳ ಶಬ್ಬಾತ್, ವಾರದ ವಿಶ್ರಾಂತಿಯ ದಿನ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ವೈನ್ ಮೇಲೆ ಮಂತ್ರ ಹೇಳುತ್ತಾರೆ. ಅದು ಕಿಡ್ಡುಶ್. ಎಲ್ಲಿ ಕಿಡ್ಡುಶ್ ಹೇಳುತ್ತಾರೋ ಅಲ್ಲೇ ಏನಾದರೂ ತಿನ್ನಬೇಕು ಅನ್ನುವುದು ಅವರ ನಿಯಮ. ಹಾಗಾಗಿ ಈ ತಿಂಡಿ ಜನ ಸೇರಿಸಲಿಕ್ಕೆ ಯಾರೋ ಹೂಡಿದ ಉಪಾಯ ಅಲ್ಲ. ಖರ್ಚನ್ನು ಹೆಚ್ಚಾಗಿ ಯಾವುದಾದರೂ ಮನೆಯವರು ವಹಿಸಿಕೊಳ್ಳುತ್ತಾರೆ. ಮಗುವಿಗೆ ಹೆಸರಿಟ್ಟರೆ, ಅಪ್ಪನ ತಿಥಿ ಬಂದರೆ. ನಮ್ಮಲ್ಲಿ ಸೇವೆ ಬರೆಸಿದ ಹಾಗೇ, ಅಲ್ವಾ?

ಎಡವುವುದು ಮೆನುವಿನಲ್ಲಿ. ಕಡ್ಡಿ ಚುಚ್ಚಿದ ಹೆರಿಂಗ್ ಮೀನು, ಬಿಸ್ಕತ್ತು, ಹೆಚ್ಚಿದ ಹಣ್ಣು, ಕೇಕು. ಈಚೆಗೆ ಸುಶಿಯೂ ಬಂದಿದೆ. ಎಲ್ಲ ನಿಂತು ತಿನ್ನುವಂಥವು. ಒಂದು ಕೈಲಿ ತಟ್ಟೆ, ಇನ್ನೊಂದು ಕೈಲಿ ಕೋಟು. ಹತ್ತು ನಿಮಿಷದಲ್ಲಿ ಹಾಲ್ ಖಾಲಿ. ಅದಕ್ಕೇ ನಾನು ಹೇಳುವುದು: ದುಡ್ಡು ಎಷ್ಟೇ ಇರಲಿ, ಚಮಚದಲ್ಲಿ ತಿನ್ನುವ ಬಿಸಿ ಪದಾರ್ಥ ಒಂದಿರಲಿ. ಬಿಸಿ ಬಟ್ಟಲು ಹಿಡಿದು ಎಷ್ಟು ಹೊತ್ತು ನಿಂತಾರು?

ಆ ಪದಾರ್ಥ ಚೋಲೆಂಟ್. ಪೂರ್ವ ಯುರೋಪಿನ ಯಹೂದಿಗಳ ಮನೆ ಅಡುಗೆ. ಹುರುಳಿಕಾಯಿ ಜಾತಿಯ ಒಣಬೀಜ, ಬಾರ್ಲಿ, ಆಲೂಗಡ್ಡೆ, ಈರುಳ್ಳಿ, ದನದ ಮಾಂಸ, ಎಲ್ಲ ಒಂದೇ ಪಾತ್ರೆಗೆ. ಶುಕ್ರವಾರ ಸೂರ್ಯ ಮುಳುಗುವ ಮುಂಚಿನಿಂದ ಶನಿವಾರ ಕತ್ತಲಾಗುವ ತನಕ ಬೆಂಕಿ ಹಚ್ಚುವಂತಿಲ್ಲ, ಬೇಯಿಸುವಂತಿಲ್ಲ. ಹಾಗಾಗಿ ಶುಕ್ರವಾರವೇ ಒಲೆಗೇರಿದ ಪಾತ್ರೆ ಸಣ್ಣ ಕಾವಿನಲ್ಲಿ ರಾತ್ರಿಯಿಡೀ ಕೂರುತ್ತದೆ.

ಒಲೆ ಹಚ್ಚುವುದು ನಾನಲ್ಲ. ಕೋಷರ್ ನಿಯಮದ ಉಸ್ತುವಾರಿಗೆ ಇರುವ ಮಶ್ಗೀಯಾಖ್ ಬಂದು ಹಚ್ಚಬೇಕು. ಯಹೂದಿಯೊಬ್ಬರ ಕೈ ಅಡುಗೆಯಲ್ಲಿ ಇರಲೇಬೇಕು ಅಂತ. ಮೊಟ್ಟೆಯನ್ನೂ ಒಂದೊಂದಾಗಿ ಗಾಜಿನ ಲೋಟಕ್ಕೆ ಒಡೆದು, ರಕ್ತದ ಚುಕ್ಕೆ ಇಲ್ಲವೆಂದು ನೋಡಿ ಆಮೇಲೆ ಬಳಸುತ್ತೇವೆ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಮಡಿ ಕಂಡವನಿಗೆ ಇದು ಕಷ್ಟವಾಗಲಿಲ್ಲ.

ಕಷ್ಟವಾದದ್ದು ನೀರಿನ ಅಳತೆ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ 8.30ರ ಹೊತ್ತಿಗೆ. ಡಿಸೆಂಬರ್‌ನಲ್ಲಿ 4.30ಕ್ಕೆಲ್ಲ ಮುಗಿಯಿತು. ಅಂದರೆ ಚಳಿಗಾಲದಲ್ಲಿ ಪಾತ್ರೆ ಮಧ್ಯಾಹ್ನವೇ ಒಲೆ ಮೇಲೆ. ಅದೇ ಚೋಲೆಂಟ್ ಮರುದಿನದ ಊಟದವರೆಗೆ ಸುಮಾರು 22 ಗಂಟೆ ಕೂರುತ್ತದೆ. ಮೊದಲ ವರ್ಷ ನಾನು ಬೇಸಿಗೆಯ ಅಳತೆಯಲ್ಲೇ ನೀರು ಹಾಕಿಬಿಟ್ಟೆ. ಶನಿವಾರ ಬೆಳಿಗ್ಗೆ ಬಂದರೆ ತಳ ಹಿಡಿದ ವಾಸನೆ. ಮುಚ್ಚಳ ತೆಗೆದು ಸೌಟು ಹಾಕಲು ಹೋದೆ. ಮಶ್ಗೀಯಾಖ್ ಓಡಿ ಬಂದು ಕೈ ಅಡ್ಡ ಹಿಡಿದರು. ಒಲೆ ಮೇಲಿರುವಾಗ ಕಲಕುವಂತಿಲ್ಲ, ತಣ್ಣೀರು ಸೇರಿಸುವಂತಿಲ್ಲ. ಸುಮ್ನೆ ನೋಡುತ್ತಾ ನಿಂತೆ.

ಈ ಊಟ ಜನರನ್ನು ಎಳೆಯುವುದಕ್ಕೆ ರುಚಿಗಿಂತ ದೊಡ್ಡ ಕಾರಣ ಪಾತ್ರೆಯ ಗಾತ್ರ ಅಂತ ನನ್ನ ಅನಿಸಿಕೆ. ಒಬ್ಬರೇ ಇರುವ ಮನೆಯಲ್ಲಿ ಒಂದು ಬಟ್ಟಲಿಗಾಗಿ ಯಾರು 20 ಗಂಟೆ ಒಲೆ ಇಡುತ್ತಾರೆ? ಹೆಂಡತಿ ತೀರಿಹೋದ ಮುದುಕರು, ಹೊಸದಾಗಿ ಊರಿಗೆ ಬಂದ ಹುಡುಗರು, ಇಂಥವರಿಗೇ ಇದು ಬೇಕಾಗಿರುವುದು. ತಾಲ್ಮುದ್‌ನಲ್ಲಿ, ಅಂದರೆ ಯಹೂದಿಗಳ ಹಳೆಯ ಧರ್ಮಗ್ರಂಥದಲ್ಲಿ, ಒಂದು ಕತೆ ಇದೆ. ಶಬ್ಬಾತ್ ಅಡುಗೆಗೆ ಯಾಕಿಷ್ಟು ಪರಿಮಳ ಅಂತ ರೋಮಿನ ಚಕ್ರವರ್ತಿ ಕೇಳಿದನಂತೆ. ನಮ್ಮಲ್ಲಿ ಶಬ್ಬಾತ್ ಅನ್ನುವ ಮಸಾಲೆ ಇದೆ ಅಂದರಂತೆ ರಬ್ಬಿ, ಅಂದರೆ ಧರ್ಮಗುರು, ಯೆಹೋಶುವ. ನನಗೂ ಒಂದು ಡಬ್ಬಿ ಕೊಡಿ ಅಂದನಂತೆ ರಾಜ! ಶಬ್ಬಾತ್ ಆಚರಿಸುವವರಿಗಷ್ಟೇ ಅದು ಹತ್ತುವುದು ಅಂದುಬಿಟ್ಟರು ರಬ್ಬಿ.

ಬಡಿಸುವ ವಿಷಯಕ್ಕೆ ಬರೋಣ. ಎಲ್ಲವನ್ನೂ ಗೋಡೆಗೆ ಒತ್ತಿ ಒಂದೇ ಸಾಲಿನಲ್ಲಿ ಇಡಬೇಡಿ. ಮೇಜಿಗೊಂದು ಪಾತ್ರೆ ಇಡಿ. ಉಪ್ಪಿನಕಾಯಿ ಈ ತುದಿಗೆ, ಹಲ್ಲಾ ಬ್ರೆಡ್ ಆ ತುದಿಗೆ. ಸ್ವಲ್ಪ ಇತ್ತ ಕೊಡಿ ಅಂತ ಪಕ್ಕದವರನ್ನು ಕೇಳಲೇಬೇಕು, ಅಲ್ಲಿಂದ ಮಾತು ಹತ್ತುತ್ತದೆ. ಇನ್ನೊಂದು, ಪ್ರಾರ್ಥನೆಯ ಕೊನೆಯ ಹಾಡು ಮುಗಿಯುವ ತನಕ ಹಾಲ್‌ನ ಬಾಗಿಲು ತೆರೆಯಬೇಡಿ. ನಡುವೆಯೇ ಜಾರಿ ವಿಸ್ಕಿ ಏರಿಸುವವರ ಗುಂಪಿಗೆ ‘ಕಿಡ್ಡುಶ್ ಕ್ಲಬ್’ ಅಂತ ಹೆಸರೇ ಇದೆ. ಶಾವುವೋತ್ ಹಬ್ಬದ ರಾತ್ರಿಯೂ ಅಷ್ಟೇ, ಬೆಳಗಿನವರೆಗೆ ಧರ್ಮಗ್ರಂಥದ ಓದು ಇರುತ್ತದೆ. ಚೀಸ್‌ಕೇಕನ್ನು 10 ಗಂಟೆಗೇ ಕತ್ತರಿಸಿದರೆ 11ಕ್ಕೆ ರಬ್ಬಿ ಒಬ್ಬರೇ ಉಳಿದಿರುತ್ತಾರೆ. ರಾತ್ರಿ 1 ಗಂಟೆ ಹೊಡೆದ ಮೇಲೆ ತನ್ನಿ.

ತಳ ಹಿಡಿದ ಆ ಡಿಸೆಂಬರ್ ಚೋಲೆಂಟ್‌ನ ಮೇಲ್ಭಾಗವನ್ನಷ್ಟೇ ಬಡಿಸಿ, ಪಾತ್ರೆಯನ್ನು ಮರೆಯಲ್ಲಿ ಇಟ್ಟಿದ್ದೆ. ಮುದುಕರೊಬ್ಬರು ಅಡುಗೆಮನೆಗೇ ಬಂದರು. ಬೈಯುತ್ತಾರೆ ಅಂದುಕೊಂಡೆ. ಬಟ್ಟಲು ಮುಂದೆ ಹಿಡಿದು, ತಳದ್ದು ಕೆರೆದು ಹಾಕಿ ಅಂದರು. ಕೆರೆದು ಹಾಕಿದೆ. ನಿಂತೇ ಬಾಯಿಗಿಡಲು ಹೊರಟವರಿಗೆ ಕುರ್ಚಿ ಎಳೆದು ಕೊಟ್ಟೆ.

‘ಮುಂದಿನ ವಾರವೂ ತಳ ಹಿಡಿಸ್ತೀರಾ?’ ಅಂದರು.