ಆ ತಿರುವಿನಲ್ಲೇ ಯಾಕೆ ಕುದಿಯುತ್ತಿತ್ತು?

ನಮ್ಮ ದೊಡ್ಡಪ್ಪನ ಬಿಳಿ ಅಂಬಾಸಿಡರ್ ಚಾಮುಂಡಿ ಬೆಟ್ಟ ಹತ್ತುವಾಗಲೆಲ್ಲ ಒಂದೇ ತಿರುವಿನಲ್ಲಿ ಕುದಿಯುತ್ತಿತ್ತು. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ದೊಡ್ಡಮ್ಮ ಮಕ್ಕಳನ್ನೆಲ್ಲ ಇಳಿಸಿ ರಸ್ತೆ ಬದಿಯ ಕಟ್ಟೆಯ ಮೇಲೆ ಕೂರಿಸುತ್ತಿದ್ದರು. ಹಿಂದಿನ ಸೀಟಿನಿಂದ ಅಜ್ಜಿ ಪ್ರತಿ ಸಲವೂ ಹೇಳುತ್ತಿದ್ದ ಮಾತು ಇದು: "ಈ ತಿರುವ್ನಲ್ಲಿ ಗಾಳಿ ಅದೆ ಕಣಪ್ಪ. ನಿಂಬೆಹಣ್ಣು ತರದೆ ಇನ್ಮೇಲೆ ಬರ್‌ಬ್ಯಾಡ."

ನಿಂಬೆಹಣ್ಣು ಬಂತು, ಮೆಣಸಿನಕಾಯಿ ಬಂತು, ಟೈರಿನ ಕೆಳಗೆ ಹಣ್ಣು ಚಚ್ಚಿದ್ದೂ ಆಯಿತು. ಕಾರು ಮಾತ್ರ ಅದೇ ಜಾಗದಲ್ಲಿ ಕುದಿಯುವುದನ್ನು ಬಿಡಲಿಲ್ಲ. ಜನವರಿಯ ಒಂದು ಬೆಳಗಿನ ಚಳಿಯಲ್ಲಿ ಹೋದಾಗ ಆ ತಿರುವನ್ನು ದಾಟಿ, ಇನ್ನೂ ಸ್ವಲ್ಪ ಮೇಲೆ ಹೋಗಿ ಕುದಿಯಿತು. ಗಾಳಿಯೇ ಜಾಗ ಬದಲಿಸಿದೆ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡರು. ನನಗೆ ಅದು ಅರ್ಥವಾದದ್ದು ಬಹಳ ವರ್ಷಗಳ ಮೇಲೆ, ಒಂದು ಹಾಳೆಯಲ್ಲಿ ನಾಲ್ಕು ಸಾಲಿನ ಲೆಕ್ಕ ಹಾಕಿದಾಗ. ಕಾರು ಒಂದೇ ಜಾಗದಲ್ಲಿ ಕುದಿಯುತ್ತಿದೆ ಎಂದರೆ ಅಲ್ಲಿ ದೆವ್ವವಿಲ್ಲ, ಲೆಕ್ಕವಿದೆ. ಅಷ್ಟೇ ಅಲ್ಲ, ಎಲ್ಲಿ ಮತ್ತು ಯಾವಾಗ ಕುದಿಯುತ್ತದೆ ಎನ್ನುವುದೇ ಆ ಕಾರಿನ ಕಾಯಿಲೆಯ ಗುರುತು.

ಲೆಕ್ಕ ನೋಡಿ. ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಹೆಚ್ಚೆಂದರೆ ಮೂರನೇ ಒಂದು ಭಾಗ ಚಕ್ರ ತಿರುಗಿಸಲು ಸಿಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಇನ್ನೊಂದು ಪಾಲು ಇಂಜಿನ್ನಿನ ಸುತ್ತ ಹರಿಯುವ ನೀರಿಗೆ ಸೇರುತ್ತದೆ. ಕಾರಿನ ಮುಂಭಾಗದಲ್ಲಿರುವ ಕೊಳವೆಗಳ ಜಾಲ, ಅಂದರೆ ರೇಡಿಯೇಟರ್, ಆ ಪಾಲನ್ನು ಗಾಳಿಗೆ ದಾಟಿಸಬೇಕು. ಬೆಟ್ಟ ಹತ್ತುವಾಗ ದೊಡ್ಡಪ್ಪನ ರೇಡಿಯೇಟರ್‌ಗೆ 4 ಕಿಲೋವಾಟ್‌ನಷ್ಟು ಕಡಿಮೆ ಬೀಳುತ್ತಿತ್ತು ಎಂದಿಟ್ಟುಕೊಳ್ಳೋಣ. ಅಂದರೆ ಸ್ನಾನದ ನೀರು ಕಾಯಿಸುವ ಎರಡು ಮೂರು ಕಾಯಿಲ್‌ಗಳನ್ನು ಯಾರೋ ಇಂಜಿನ್ನಿನೊಳಗೆ ಇಳಿಬಿಟ್ಟ ಹಾಗೆ. ಒಳಗೆ 8 ಲೀಟರ್ ನೀರು, 150 ಕಿಲೋ ಕಬ್ಬಿಣ ಇದೆ ಎಂದುಕೊಂಡರೆ ಅಷ್ಟನ್ನೂ ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 100 ಕಿಲೋಜೂಲ್ ಬೇಕು. ಬೆಟ್ಟದ ಬುಡದಲ್ಲಿ ನೀರು 85 ಡಿಗ್ರಿಯಲ್ಲಿದ್ದು 97ಕ್ಕೆ ಕುದಿಯುವುದಾದರೆ ನಡುವೆ ಇರುವುದು 12 ಡಿಗ್ರಿ, ಅಂದರೆ 1200 ಕಿಲೋಜೂಲ್. ಅದನ್ನು 4ರಿಂದ ಭಾಗಿಸಿದರೆ 300 ಸೆಕೆಂಡು, ಐದು ನಿಮಿಷ. ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಐದು ನಿಮಿಷಕ್ಕೆ ಎರಡು ಕಿಲೋಮೀಟರ್. ಅದೇ ಕಾರು, ಅದೇ ಜನ, ಅದೇ ಗೇರು ಇದ್ದರೆ ಅದೇ ಜಾಗ ಬರಲೇಬೇಕು. ತೊಟ್ಟಿಗೆ ಬೀಳುವ ನಲ್ಲಿ ದಪ್ಪ, ಕೆಳಗಿನ ತೂಬು ಸಣ್ಣ. ತೊಟ್ಟಿ ಯಾವಾಗ ತುಂಬಿ ಹರಿಯುತ್ತದೆಂದು ಗಡಿಯಾರ ನೋಡಿ ಹೇಳಬಹುದು. ಚಳಿಗಾಲದ ಬೆಳಿಗ್ಗೆ ತೂಬು ಸ್ವಲ್ಪ ದೊಡ್ಡದಾಗುತ್ತದೆ, ಆದ್ದರಿಂದ ತೊಟ್ಟಿ ತುಂಬುವುದು ತಡ, ತಿರುವು ಮುಂದಕ್ಕೆ ಹೋಗುತ್ತದೆ. ಅಜ್ಜಿ ಹೇಳಿದ್ದು ಒಂದು ರೀತಿಯಲ್ಲಿ ಗಾಳಿಯ ವಿಷಯವೇ. ಏರಿನಲ್ಲಿ ಇಂಜಿನ್ ದುಡಿಯುವುದು ಹೆಚ್ಚು, ಗಾಡಿ ಓಡುವುದು ನಿಧಾನ, ರೇಡಿಯೇಟರಿನ ಮೂಲಕ ಹಾಯುವ ಗಾಳಿ ಸಾಲುತ್ತಿರಲಿಲ್ಲ.

ಹೀಗೆ ಯೋಚಿಸಿದರೆ ಅರ್ಧ ರೋಗನಿರ್ಣಯ ಸ್ಪ್ಯಾನರ್ ಮುಟ್ಟದೆಯೇ ಮುಗಿಯುತ್ತದೆ. ದೇವರಾಜ ಅರಸು ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಬಿಸಿ ತೋರಿಸುವ ಮುಳ್ಳು ಏರಿ, ರಿಂಗ್ ರೋಡಿಗೆ ಬಂದು ವೇಗ ಹಿಡಿದೊಡನೆ ಇಳಿದರೆ ತೊಂದರೆ ಫ್ಯಾನಿನದು. ಬೆಲ್ಟ್ ಸಡಿಲವಾಗಿದೆ, ಅಥವಾ ಮಾರುತಿ 800ರಂತಹ ವಿದ್ಯುತ್ ಫ್ಯಾನಿನ ಗಾಡಿಯಾದರೆ ಅದರ ಸ್ವಿಚ್ ಕೈಕೊಟ್ಟಿದೆ. ಊರೊಳಗೆ ಸರಿಯಾಗಿದ್ದು ಬೆಂಗಳೂರು ಹೆದ್ದಾರಿಯಲ್ಲಿ ಮಂಡ್ಯ ದಾಟುವ ಹೊತ್ತಿಗೆ ಕಾದರೆ ಗಾಳಿಗೆ ಕೊರತೆಯಿಲ್ಲ, ನೀರಿನ ದಾರಿ ಕಟ್ಟಿದೆ. ಬೆಳಿಗ್ಗೆ ತಣ್ಣಗಿರುವ ಇಂಜಿನ್ ಶುರು ಮಾಡಿದ ಕೂಡಲೇ ಮುಚ್ಚಳ ತೆಗೆದ ರೇಡಿಯೇಟರಿನಲ್ಲಿ ಗುಳ್ಳೆಗಳು ಬಿಡದೆ ಎದ್ದರೆ, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಇರುವ ತೆಳು ಹಾಳೆ) ಹೋಗಿರುವ ಸಂಭವ ಹೆಚ್ಚು. ಅಂತಹ ಗಾಡಿಯನ್ನು ಒಂದು ಕಿಲೋಮೀಟರೂ ಓಡಿಸಬಾರದು, ಮೆಕ್ಯಾನಿಕ್ಕನ್ನು ಮನೆಗೇ ಕರೆಸಬೇಕು.

ಇಂಜಿನ್ನಿನ ಬಿಸಿಯನ್ನು ಎಲ್ಲಿ ಸುರಿಯುವುದು ಎನ್ನುವ ಚಿಂತೆ ಕಾರಿನಷ್ಟೇ ಹಳೆಯದು. 1886ರ ಬೆಂಝ್ ಗಾಡಿ ನೀರನ್ನು ಕುದಿಸಿಯೇ ತಣ್ಣಗಾಗುತ್ತಿತ್ತು. ಆವಿ ಹೋದಷ್ಟೂ ಮತ್ತೆ ನೀರು ತುಂಬಬೇಕಿತ್ತು. 1900ರ ಹೊತ್ತಿಗೆ ವಿಲ್‌ಹೆಲ್ಮ್ ಮೇಬಾಕ್ ಜೇನುಗೂಡಿನಂತಹ ರೇಡಿಯೇಟರ್ ಮಾಡಿದರು. ಆರು ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳನ್ನು ಒಟ್ಟಿಗೆ ಬೆಸೆದ ಕೆಲಸ ಅದು. ಗಾಳಿ ಮುಟ್ಟುವ ಮೈ ಹೆಚ್ಚಾದಂತೆ ಬೇಕಾದ ನೀರು ಕಡಿಮೆಯಾಯಿತು. ನಮ್ಮ ಮೈಸೂರಿನ ಯಾದವಗಿರಿಯಲ್ಲಿ 1960ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಲ್ಲಿ ನೀರಿನ ಮಾತೇ ಇಲ್ಲ. ಸಿಲಿಂಡರಿನ ಸುತ್ತಲ ಲೋಹದ ಪದರಗಳೇ ಅವುಗಳ ರೇಡಿಯೇಟರ್.

ಈಗ ನನಗೆ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಹಳೆಯ ಕಾರಿನ ಹೆಡ್ಡಿನ ಮುಂಭಾಗದಲ್ಲಿ, ಮೇಲಿನ ಹೋಸ್ ಬಂದು ಸೇರುವ ಜಾಗದಲ್ಲಿ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಹಿತ್ತಾಳೆಯ ವಸ್ತುವೊಂದಿರುತ್ತದೆ. ಅದೇ ಥರ್ಮೋಸ್ಟಾಟ್. ನಮ್ಮ ಕಡೆ ಅದಕ್ಕೆ ಆಗಿರುವಷ್ಟು ಅನ್ಯಾಯ ಕಾರಿನ ಇನ್ಯಾವ ಭಾಗಕ್ಕೂ ಆಗಿಲ್ಲ. "ಇದು ಚಳಿ ದೇಶದವರಿಗೆ ಸಾರ್, ನಮ್ಮ ಬಿಸಿಲಿಗೆ ಬೇಡ" ಎಂದು ಕಿತ್ತು ಬಿಸಾಡುತ್ತಾರೆ. ದೊಡ್ಡಪ್ಪನ ಕಾರಿನಲ್ಲೂ ಅದು ಇರಲಿಲ್ಲ.

ಕನ್ನಂಬಾಡಿಯನ್ನು ನೆನೆಯಿರಿ. ನೀರು ನಿಗದಿತ ಮಟ್ಟ ಮುಟ್ಟಿದರೆ ತಾನಾಗಿ ತೆರೆದು, ಇಳಿದರೆ ತಾನಾಗಿ ಮುಚ್ಚಿಕೊಳ್ಳುವ ಗೇಟುಗಳನ್ನು ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅಳವಡಿಸಿದರು. ಮುಂದೆ ಕನ್ನಂಬಾಡಿಗೂ ಅವು ಬಂದವು. ನೀರೇ ತನ್ನ ಗೇಟನ್ನು ತಾನು ನಡೆಸುತ್ತದೆ. ಥರ್ಮೋಸ್ಟಾಟ್ ಕೂಡ ಅಂತಹುದೇ ಗೇಟು, ಇಲ್ಲಿ ನೋಡುವುದು ನೀರಿನ ಮಟ್ಟವನ್ನಲ್ಲ, ನೀರಿನ ಬಿಸಿಯನ್ನು. ನೀರು ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಟ್ಟು, ಕಾದ ಮೇಲೆ ತೆರೆಯುತ್ತದೆ. ಅದರೊಳಗೆ ವಿದ್ಯುತ್ತಿಲ್ಲ, ಸ್ಪ್ರಿಂಗನ್ನು ಬಿಟ್ಟರೆ ಯಂತ್ರವೆನ್ನುವಂತಹುದೇನೂ ಇಲ್ಲ. ಇರುವುದು ಒಂದು ಚಿಟಿಕೆ ಮೇಣ. ಧನುರ್ಮಾಸದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ನೋಡಿದ್ದೀರಲ್ಲ? ಗಟ್ಟಿಯಾದ ಎಣ್ಣೆಯ ನಡುವೆ ಗುಳಿ ಬಿದ್ದಿರುತ್ತದೆ. ಹೆಪ್ಪುಗಟ್ಟಿದಾಗ ಅದು ಕುಗ್ಗಿತು, ಕರಗಿದರೆ ಮತ್ತೆ ಹಿಗ್ಗುತ್ತದೆ. ಆರಿದ ಮೇಣದಬತ್ತಿಯ ಬುಡದಲ್ಲೂ ಅದೇ ಗುಳಿ. ಮೇಣ ಕರಗುವಾಗ ಶೇಕಡ ಹತ್ತಕ್ಕೂ ಹೆಚ್ಚು ಹಿಗ್ಗುತ್ತದೆ. ಆ ಮೇಣವನ್ನು ಗಟ್ಟಿ ಲೋಹದ ಡಬ್ಬಿಯಲ್ಲಿ ತುಂಬಿ, ಹೋಗಲು ಒಂದೇ ದಾರಿ ಬಿಟ್ಟು, ಆ ದಾರಿಯಲ್ಲಿ ಒಂದು ಸಣ್ಣ ಕಡ್ಡಿ ಇಟ್ಟರೆ ಹಿಗ್ಗುವ ಮೇಣ ಕಡ್ಡಿಯನ್ನು ಹೊರಗೆ ತಳ್ಳಲೇಬೇಕು. ಪೇಸ್ಟಿನ ಟ್ಯೂಬನ್ನು ಹಿಂಡಿದ ಹಾಗೆ, ಇಲ್ಲಿ ಹಿಂಡುವ ಕೈ ಮಾತ್ರ ಒಳಗೇ ಇದೆ. ಮೇಣದೊಳಗೆ ಬಿಸಿ ನಿಧಾನವಾಗಿ ಹರಿಯುತ್ತದೆಂದು ತಾಮ್ರದ ಪುಡಿಯನ್ನೂ ಬೆರೆಸಿರುತ್ತಾರೆ. 82 ಎಂದು ಅಚ್ಚು ಹಾಕಿದ್ದರೆ 82 ಡಿಗ್ರಿಗೆ ತೆರೆಯಲು ಶುರು, 95ರ ಆಸುಪಾಸಿಗೆ ಪೂರ್ತಿ ತೆರೆದಿರುತ್ತದೆ. ಇದಕ್ಕೂ ಮುಂಚೆ, ಬೇಗ ಆವಿಯಾಗುವ ದ್ರವ ತುಂಬಿದ ತಿದಿಯಂತಹ ಥರ್ಮೋಸ್ಟಾಟ್‌ಗಳಿದ್ದವು. ಮುಂದೆ ರೇಡಿಯೇಟರುಗಳಲ್ಲಿ ಒತ್ತಡ ಹೆಚ್ಚಿದಾಗ ಆ ತಿದಿಗಳು ಮೋಸಹೋದವು. ಮೇಣಕ್ಕೆ ಆ ಒತ್ತಡ ಲೆಕ್ಕಕ್ಕೇ ಇಲ್ಲ.

ಇದನ್ನು ಕಿತ್ತರೆ ಏನಾಗುತ್ತದೆ? ಇಂಜಿನ್ ಬಿಸಿಯಾಗಲು ತಡ ಮಾಡುತ್ತದೆ, ಆಯಿಲ್ಲಿನಲ್ಲಿ ತೇವ ಮತ್ತು ಪೆಟ್ರೋಲ್ ಉಳಿದುಕೊಳ್ಳುತ್ತವೆ, ಸಿಲಿಂಡರ್ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಅಚ್ಚರಿಯೆಂಬಂತೆ ಬಿಸಿ ಹೆಚ್ಚುತ್ತದೆ ಕೂಡ. ಇದಕ್ಕೆ ಗ್ಯಾರೇಜುಗಳಲ್ಲಿ ಸಿಗುವ ವಿವರಣೆ, ನೀರು ಜೋರಾಗಿ ಓಡಿದರೆ ರೇಡಿಯೇಟರಿನಲ್ಲಿ ತಣ್ಣಗಾಗಲು ಅದಕ್ಕೆ ಸಮಯ ಸಿಗುವುದಿಲ್ಲ ಎಂದು. ಓದಿದವರೂ ಇದನ್ನು ನಂಬುತ್ತಾರೆ, ಆದರೆ ಇದು ತಪ್ಪು. ಕಬ್ಬಿನ ಗದ್ದೆಯಿಂದ ಆಲೆಮನೆಗೆ ಸಣ್ಣ ಹೊರೆ ಹೊತ್ತು ಹತ್ತು ಸಲ ಓಡಾಡಿದವನು ದೊಡ್ಡ ಹೊರೆ ಹೊತ್ತು ಎರಡು ಸಲ ಹೋದವನಿಗಿಂತ ಕಡಿಮೆ ಕಬ್ಬು ಸಾಗಿಸಿರಬೇಕೆಂದೇನಿಲ್ಲ. ನೀರು ಒಂದು ಸುತ್ತಿನಲ್ಲಿ ಕಡಿಮೆ ತಣಿದರೂ ಸುತ್ತುಗಳು ಹೆಚ್ಚು. ರೇಡಿಯೇಟರ್ ಮೇಲಿಂದ ಕೆಳಗಿನವರೆಗೆ ಬಿಸಿಯಾಗಿರುವುದರಿಂದ ಗಾಳಿಗೆ ಹೋಗುವ ಶಾಖ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ನಿಜವಾದ ಕಾರಣ ಬೈಪಾಸ್. ಆ ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಎರಡು ಬಾಗಿಲು ಕಾಯುತ್ತದೆ. ರೇಡಿಯೇಟರಿನ ದಾರಿ ತೆರೆಯುವಾಗ ಒಳಗೊಳಗೇ ಸುತ್ತುವ ಅಡ್ಡದಾರಿಯನ್ನು ಮುಚ್ಚುತ್ತದೆ. ಕಿತ್ತುಹಾಕಿದರೆ ಅಡ್ಡದಾರಿ ಸದಾ ತೆರೆದಿರುತ್ತದೆ, ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಬಿಸಿಬಿಸಿಯಾಗಿ ವಾಪಸು ಬರುತ್ತದೆ.

ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ಅದು ನಿಧಾನವಾಗಿ ಬಾಯಿ ತೆರೆಯುವುದನ್ನು ನೋಡುವುದೇ ಒಂದು ಸಂತೋಷ, ಮನೆಯ ಮಕ್ಕಳನ್ನೂ ಕರೆದು ತೋರಿಸಿ. ನೀರು ಕುದಿದರೂ ತೆರೆಯದಿದ್ದರೆ ಹೊಸದು ತನ್ನಿ.

ಇನ್ನು ರೇಡಿಯೇಟರಿನ ಮುಚ್ಚಳ. ಅದು ಬರೀ ಮುಚ್ಚಳವಲ್ಲ, ಕುಕ್ಕರಿನ ವಿಷಲ್. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ದಾಟುತ್ತಿದ್ದಂತೆ ಕುದಿಯುತ್ತದೆ. 0.9 ಎಂದು, ಅಂದರೆ ಹೊರಗಿನ ಗಾಳಿಗಿಂತ 0.9 ಬಾರ್ ಹೆಚ್ಚು ಒತ್ತಡ ಹಿಡಿಯುತ್ತದೆಂದು ಬರೆದಿರುವ ಮುಚ್ಚಳ ಸರಿಯಾಗಿದ್ದರೆ ಅದೇ ನೀರು ಸುಮಾರು 117ರವರೆಗೆ ಕುದಿಯದೆ ಇರುತ್ತದೆ. ಆಲೆಮನೆಯಲ್ಲಿ ಬೆಲ್ಲದ ಪಾಕ ಇಳಿಸುವ ಹೊತ್ತಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಮುಚ್ಚಳದ ರಬ್ಬರ್ ಒಣಗಿ ಸೀಳಿದ್ದರೆ ಈ ಇಪ್ಪತ್ತು ಡಿಗ್ರಿ ಪೂರ್ತಿ ನಷ್ಟ. ಮಸಿನಗುಡಿಯಿಂದ ಕಲ್ಲಹಟ್ಟಿಯ 36 ತಿರುವು ಹತ್ತಿ 2,240 ಮೀಟರಿನ ಊಟಿ ತಲುಪುವ ಹೊತ್ತಿಗೆ ಕುದಿಯುವ ಬಿಂದು 92ರ ಹತ್ತಿರ ಬಂದಿರುತ್ತದೆ. ಇಂಜಿನ್ ದುಡಿತ ಅತಿ ಹೆಚ್ಚು, ಕುದಿಯಲು ಉಳಿದಿರುವ ಅಂತರ ಅತಿ ಕಡಿಮೆ. ಎಷ್ಟೋ ಸಲ ಇಡೀ ಕಾಯಿಲೆಗೆ ಮುಚ್ಚಳ ಒಂದೇ ಕಾರಣವಾಗಿರುತ್ತದೆ. ಬೇರೇನನ್ನು ಬಿಚ್ಚುವ ಮೊದಲೂ ಅದನ್ನು ಬದಲಿಸಿ ನೋಡಬೇಕು.

ಬಿಸಿಯಾದ ಇಂಜಿನ್ನಿನಲ್ಲಿ ಆ ಮುಚ್ಚಳವನ್ನು ದಯವಿಟ್ಟು ಯಾರೂ ತೆರೆಯಬೇಡಿ. 117 ಡಿಗ್ರಿಯ 8 ಲೀಟರ್ ನೀರಿನ ಒತ್ತಡ ಬಿಟ್ಟುಹೋದ ಕ್ಷಣದಲ್ಲಿ ಸುಮಾರು 300 ಗ್ರಾಂ ನೀರು ಒಮ್ಮೆಗೇ ಆವಿಯಾಗುತ್ತದೆ, ಐನೂರು ಲೀಟರಿಗೂ ಹೆಚ್ಚು ಆವಿ. ಅದು ಉಳಿದ ಕುದಿನೀರನ್ನು ಮುಖಕ್ಕೆ ಎರಚುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಕಾಯಬೇಕು. ಕೆಂಡದಂತಿರುವ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರುಕು ಬಿಡಬಹುದು. ಇನ್ನೊಂದು ಎಚ್ಚರ: ನೀರು ಪೂರ್ತಿ ಖಾಲಿಯಾದಾಗ ಮುಳ್ಳು ಇಳಿಯಬಹುದು, ಏಕೆಂದರೆ ಸೆನ್ಸರನ್ನು ಮುಟ್ಟಲು ನೀರೇ ಇರುವುದಿಲ್ಲ. ಮುಳ್ಳು ಇಳಿಯಿತೆಂದು ಸಮಾಧಾನಪಟ್ಟು ಓಡಿಸಿ ಇಂಜಿನ್ ಕಚ್ಚಿಸಿಕೊಂಡವರಿದ್ದಾರೆ.

ದೊಡ್ಡಪ್ಪನ ಕಾರಿನ ಕಾಯಿಲೆಯ ಮೂಲ ಅವರ ಊರಿನ ನೀರಿನಲ್ಲಿತ್ತು. ಮಂಡ್ಯದ ಪಕ್ಕದ ಹಳ್ಳಿ, ಬೋರ್‌ವೆಲ್‌ನ ಗಡಸು ನೀರು. ಬಚ್ಚಲಿನ ಹಂಡೆಯೊಳಗೆ ಬೆರಳು ಆಡಿಸಿದರೆ ಬಿಳಿ ಚಕ್ಕೆ ಏಳುತ್ತಿತ್ತು. ಆ ನೀರನ್ನೇ ಇಪ್ಪತ್ತು ವರ್ಷ ರೇಡಿಯೇಟರಿಗೂ ಹಾಕಿದ್ದರು. ಗಡಸು ನೀರಿನಲ್ಲಿ ಕರಗಿರುವ ಸುಣ್ಣದಂಶಕ್ಕೆ ಒಂದು ವಿಚಿತ್ರ ಗುಣವಿದೆ. ಸಕ್ಕರೆ, ಉಪ್ಪು ಬಿಸಿಯಲ್ಲಿ ಹೆಚ್ಚು ಕರಗಿದರೆ ಇದು ಬಿಸಿಯಾದಷ್ಟೂ ನೀರು ಬಿಟ್ಟು ಹೊರಬರುತ್ತದೆ. ಆದ್ದರಿಂದ ಅದು ಕೂರುವುದು ಅತಿ ಬಿಸಿಯಾದ ಜಾಗದಲ್ಲಿ, ಎಲ್ಲಿ ಕೂರಬಾರದೋ ಸರಿಯಾಗಿ ಅಲ್ಲಿಯೇ. ಒಂದು ಮಿಲಿಮೀಟರ್ ಸುಣ್ಣದ ಪದರ ಶಾಖವನ್ನು ತಡೆಯುವುದರಲ್ಲಿ ಸುಮಾರು ಒಂದು ಅಂಗುಲ ದಪ್ಪದ ಎರಕದ ಕಬ್ಬಿಣಕ್ಕೆ ಸಮ. ಇಂಜಿನ್ನಿಗೆ ಒಳಗಿನಿಂದ ಕಂಬಳಿ ಹೊದಿಸಿದಂತೆ.

ಸುಣ್ಣವನ್ನು ಕರಗಿಸುವುದು ಆಮ್ಲ. ನಿಂಬೆಹಣ್ಣಿನ ಹುಳಿ, ಸಿಟ್ರಿಕ್ ಆಮ್ಲ, ಈ ಕೆಲಸಕ್ಕೆ ಬಹಳ ಒಳ್ಳೆಯದು. ಬಂಪರಿಗೆ ಕಟ್ಟಿ ಟೈರಿನಡಿ ಚಚ್ಚುತ್ತಿದ್ದ ಹಣ್ಣಿನೊಳಗೇ ಆ ಕಾರಿನ ಔಷಧಿ ಇತ್ತು ಎನ್ನುವುದು ನೆನಪಾದಾಗಲೆಲ್ಲ ನನಗೆ ಎದೆ ಚುರುಕ್ ಎನ್ನುತ್ತದೆ. ಹಣ್ಣಿನ ರಸವನ್ನೇ ಹಿಂಡಬೇಡಿ, ಅದರ ತಿರುಳು ಕೊಳವೆಗಳನ್ನು ಕಟ್ಟುತ್ತದೆ. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಪುಡಿಯನ್ನು ತೆಳುವಾಗಿ ಕರಗಿಸಿ ತುಂಬಿ, ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ತಣ್ಣಗಾದ ಮೇಲೆ ಬಸಿದು, ಒಳ್ಳೆಯ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಬೇಕು. ಅಲ್ಯೂಮಿನಿಯಂ ಹೆಡ್ಡಿನ ಗಾಡಿಯಾದರೆ ಹೆಚ್ಚು ಹೊತ್ತು ಬಿಡಬಾರದು. ದೊಡ್ಡಪ್ಪನ ಕಾರು ಇದಕ್ಕೆ ಬಗ್ಗುವ ಹಂತ ದಾಟಿತ್ತು. ರೇಡಿಯೇಟರ್ ಬಿಚ್ಚಿ, ಮೇಲಿನ ತೊಟ್ಟಿಯ ಬೆಸುಗೆ ಕಳಚಿ, ಪ್ರತಿ ಕೊಳವೆಗೂ ಪಟ್ಟಿ ತೂರಿಸಿ ತೆಗೆಸಬೇಕಾಯಿತು. ಬಿದ್ದದ್ದು ಎರಡು ಬೊಗಸೆ ಚಕ್ಕೆ ಮತ್ತು ಕೆಂಪು ಕೆಸರು.

ಆಮೇಲೆ ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಅರ್ಧರ್ಧ ತುಂಬಿದೆವು. ಕೂಲೆಂಟ್ ಹೆಚ್ಚು ಹಾಕಿದಷ್ಟೂ ತಂಪು ಎಂಬ ನಂಬಿಕೆಯೂ ಸರಿಯಲ್ಲ. ಶಾಖ ಹೊರುವುದರಲ್ಲಿ ಅದು ನೀರಿಗಿಂತ ಹಿಂದೆ. ಅದು ಬೇಕಾಗುವುದು ತುಕ್ಕು ತಡೆಯಲು ಮತ್ತು ಕುದಿಯುವ ಬಿಂದುವನ್ನು ಏಳೆಂಟು ಡಿಗ್ರಿಯಷ್ಟು ಏರಿಸಲು. ಹೊಸ ಮುಚ್ಚಳ ಬಂತು, 82ರ ಥರ್ಮೋಸ್ಟಾಟ್ ತನ್ನ ಜಾಗಕ್ಕೆ ಮರಳಿತು. ಮುಂದಿನ ಶುಕ್ರವಾರ ಬೆಟ್ಟಕ್ಕೆ ಹೋದಾಗ ನಾನು ಮುಂದಿನ ಸೀಟಿನಲ್ಲಿ ಮುಳ್ಳನ್ನೇ ನೋಡುತ್ತ ಕುಳಿತಿದ್ದೆ. ತಿರುವು ಬಂತು. ದೊಡ್ಡಪ್ಪ ಅಭ್ಯಾಸಬಲದಿಂದ ಗಾಡಿಯನ್ನು ಎಡಕ್ಕೆ ಎಳೆದು, ಮತ್ತೆ ರಸ್ತೆಗೆ ತಂದು, ಎರಡನೇ ಗೇರಿನಲ್ಲಿ ಮೇಲಕ್ಕೆ ಹೊರಟರು.